ಮುಳುಗಿದ ಹಡಗಿಗೆ ಇಳಕಲ್ ಕಲ್ಲು

ಪಟ್ಟಿಯಲ್ಲಿ ಇಪ್ಪತ್ಮೂರು ಸಾಲುಗಳಿದ್ದವು. ಇಪ್ಪತ್ತೆರಡರಲ್ಲಿ ಒಂದೊಂದು ಹೆಸರು. ಕೊನೆಯ ಸಾಲಿನಲ್ಲಿ ಹೆಸರಿರಲಿಲ್ಲ, ನಾಲ್ಕು ಪದಗಳಿದ್ದವು. ಎಲ್ಲವೂ ನಾರ್ವೆ ದೇಶದ ಭಾಷೆ.

ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕಲ್ಲಿನ ಮೇಲೆ ಅಕ್ಷರ ಮೂಡಿಸುವ ಕೆಲಸ ನನ್ನದು. ಸಮಾಧಿಯ ಕಲ್ಲು, ಗುಡಿಯ ದಾನಿಗಳ ಕಲ್ಲು, ಸಾಲೆಯ ಉದ್ಘಾಟನೆಯ ಕಲ್ಲು, ಇಂಥವನ್ನೇ ಮಾಡುತ್ತ ಬಂದವಳು. ಡಿಸೆಂಬರಿನ ಮೊದಲ ವಾರ ಮಾಲೀಕರು ಆ ಪಟ್ಟಿಯನ್ನು ನನ್ನ ಮೇಜಿನ ಮೇಲಿಟ್ಟರು.

"ತಂಗಿ, ಇದು ನಾರ್ವೆದವರ ಆರ್ಡರ್. ಹಿಂದಿನ ಮಹಾಯುದ್ಧದಾಗ ಮುಳುಗಿದ ಒಂದು ಹಡಗಂತ. ಸತ್ತವರ ಹೆಸ್ರು ಕೊರೀಬೇಕು. ಫೆಬ್ರವರಿ ಮೊದಲ ವಾರ ಮಂಗಳೂರಿಂದ ಕಂಟೇನರ್ ಹೊಂಡತೈತಿ. ಅದು ತಪ್ಪಿದ್ರ ಮುಂದಿಂದು ಯಾವಾಗ ಅಂತ ಹೇಳಾಕ ಬರೂದಿಲ್ಲ."

"ಇಷ್ಟು ದೂರದಿಂದ ಯಾಕ್ರಿ ಕಲ್ಲು? ಅವರ ದೇಶದಾಗ ಕಲ್ಲಿಲ್ಲೇನ್ರಿ?"

"ಆ ಹಡಗು ನಮ್ಮ ಕಡೆ ಸಮುದ್ರದಾಗ ಮುಳುಗೈತಂತ. ಅದಕ್ಕ ಹಿಂದೂಸ್ತಾನದ ಕಲ್ಲೇ ಬೇಕಂತ ಹಟ ಹಿಡಿದಾರ."

ಹಡಗಿನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಆ ದೇಶದ ಒಂದು ನದಿಯ ಹೆಸರು ಅಂದರೆ ಸಾಕು.

ಕೆಂಪು ಕಲ್ಲಿನ ಒಂದು ದೊಡ್ಡ ತುಂಡನ್ನು ಗರಗಸಕ್ಕೆ ಕೊಟ್ಟು ಹಲಗೆ ತೆಗೆದರು. ಎತ್ತರ ಒಬ್ಬ ಆಳಿನಷ್ಟು, ದಪ್ಪ ಒಂದು ಗೇಣಿಗೆ ಸ್ವಲ್ಪ ಕಡಿಮೆ. ಅದಕ್ಕೆ ಪಾಲಿಶ್ ಕೊಡುವ ಕೆಲಸ ಚಾಚಾನದು. ಕಾರ್ಖಾನೆಯ ಅತ್ಯಂತ ಹಿರಿಯ ಕೆಲಸಗಾರ ಅವರು. ಮಾಲೀಕರ ತಂದೆಯ ಕಾಲದಿಂದ ಇದ್ದವರು. ಎಲ್ಲರೂ ಚಾಚಾ ಅಂತಲೇ ಕರೆಯುತ್ತೇವೆ. ಯಂತ್ರದ ಪಾಲಿಶ್ ಮುಗಿದ ಮೇಲೆ ಅಂಚುಗಳನ್ನು ಕೈಯಿಂದಲೇ ತಿಕ್ಕುತ್ತಿದ್ದರು. ಅಂಗೈಯಿಂದ ಕಲ್ಲು ಸವರಿ, ಎಲ್ಲಿ ಇನ್ನೂ ಒರಟಿದೆ ಎಂದು ಹೇಳುತ್ತಿದ್ದರು. ಆ ಚಳಿಗಾಲ ಅವರಿಗೆ ಕೆಮ್ಮು ಜೋರಾಗಿತ್ತು. ನಾಲ್ಕು ಸಲ ಕಲ್ಲು ತಿಕ್ಕಿದರೆ ಒಮ್ಮೆ ನಿಂತು ಯಂತ್ರಕ್ಕೆ ಕೈ ಊರಿ ಉಸಿರೆಳೆದುಕೊಳ್ಳುತ್ತಿದ್ದರು.

ನಾನು ಅಕ್ಷರದ ಕೆಲಸಕ್ಕೆ ಕುಳಿತೆ. ನಮ್ಮ ಪದ್ಧತಿ ಹೀಗೆ: ಹೆಸರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ರಬ್ಬರಿನ ಹಾಳೆಯ ಮೇಲೆ ಯಂತ್ರದಿಂದ ಕತ್ತರಿಸುತ್ತೇವೆ. ಆ ಹಾಳೆಯನ್ನು ಕಲ್ಲಿಗೆ ಅಂಟಿಸಿ, ಅಕ್ಷರದ ಜಾಗದ ರಬ್ಬರನ್ನಷ್ಟೇ ಕಿತ್ತು ತೆಗೆಯುತ್ತೇವೆ. ಆಮೇಲೆ ಮುಚ್ಚಿದ ಕೋಣೆಯಲ್ಲಿ ಗಾಳಿಯ ಒತ್ತಡದಿಂದ ಮರಳು ಹೊಡೆಯುತ್ತಾರೆ. ರಬ್ಬರಿದ್ದಲ್ಲಿ ಕಲ್ಲು ಉಳಿಯುತ್ತದೆ, ಇಲ್ಲದಲ್ಲಿ ಕೊರೆದುಹೋಗುತ್ತದೆ. ಒಮ್ಮೆ ಹೊಡೆದ ಮೇಲೆ ತಿದ್ದುವುದಕ್ಕೆ ದಾರಿಯಿಲ್ಲ.

ಮೊದಲ ತೊಡಕು ಅಕ್ಷರಗಳದ್ದೇ. ಅವರ ಭಾಷೆಯಲ್ಲಿ ಇಂಗ್ಲಿಷಿನ 'ಓ' ಅಕ್ಷರಕ್ಕೆ ಅಡ್ಡಲಾಗಿ ಒಂದು ಗೀರು ಇರುತ್ತದೆ. 'ಎ' ಅಕ್ಷರದ ತಲೆಯ ಮೇಲೆ ಒಂದು ಸಣ್ಣ ಬಳೆ. ನನ್ನ ಕಂಪ್ಯೂಟರಿನಲ್ಲಿ ಅವು ಬರೀ ಖಾಲಿ ಚೌಕಗಳಾಗಿ ಕಾಣುತ್ತಿದ್ದವು. ಬೇರೆ ಅಕ್ಷರ ಹಾಕಿದರೆ ಯಾರಿಗೆ ತಿಳಿಯುತ್ತದೆ ಎಂದು ಮಾಲೀಕರು ಅಂದರು. ಸತ್ತವರ ಮನೆಯವರಿಗೆ ತಿಳಿಯುತ್ತದೆ ಎಂದೆ. ಕೈಯಿಂದ ಬರೆದು ಜೋಡಿಸಿದೆ. ಒಡಕು ಕಲ್ಲಿನ ಮೇಲೆ ಪರೀಕ್ಷೆ ಮಾಡಿದಾಗ ಆ ಗೀರಿನ ಎರಡೂ ಬದಿಗೆ ಉಳಿಯುವ ಅರ್ಧಚಂದ್ರದಂಥ ರಬ್ಬರ್ ಚೂರುಗಳು ಮರಳಿನ ಹೊಡೆತಕ್ಕೆ ಹಾರಿಹೋದವು. 'ಓ' ಹೋಗಿ ಒಂದು ಕುಳಿಯಾಯಿತು. ಗೀರನ್ನು ತೆಳ್ಳಗೆ ಮಾಡಿ, ಅಂಟು ಹಾಕಿ ಒಂದು ಇಡೀ ದಿನ ಒಣಗಲು ಬಿಟ್ಟು, ಒತ್ತಡ ತಗ್ಗಿಸಿ ಮತ್ತೆ ಹೊಡೆಸಿದೆ. ನಾಲ್ಕನೆಯ ಸಲಕ್ಕೆ ಸರಿಬಂತು. ಎಂಟು ದಿನ ಅದಕ್ಕೇ ಹೋದವು.

ಅಕ್ಷರಗಳ ಬಗ್ಗೆ ಕೇಳಲು ಬರೆದಿದ್ದಕ್ಕೆ ಆರ್ಡರ್ ಕಳಿಸಿದ್ದ ನಾರ್ವೆಯ ಕಲ್ಲಿನ ವ್ಯಾಪಾರಿ, ಒಬ್ಬ ಹೆಂಗಸಿನ ನಂಬರು ಕೊಟ್ಟಿದ್ದ. ನಿವೃತ್ತ ಶಿಕ್ಷಕಿ. ಆ ಹಡಗಿನ ಎರಡನೇ ಎಂಜಿನಿಯರರ ಮೊಮ್ಮಗಳು. ಕಲ್ಲು ನಿಲ್ಲಿಸುವ ಸಮಿತಿಯ ಕೆಲಸವೆಲ್ಲ ಅವರದೇ. ಅವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ನಾನು ಫೋನಿನ ಅನುವಾದ ಇಟ್ಟುಕೊಂಡು ಓದಿ, ಹಾಗೇ ಉತ್ತರಿಸುತ್ತಿದ್ದೆ.

ಕೊನೆಯ ಸಾಲಿನ ಅರ್ಥವೇನೆಂದು ಅವರನ್ನೇ ಕೇಳಿದೆ. ಅದರಲ್ಲಿ 'ಇಂಡಿಯಾ' ಎಂಬಂಥ ಒಂದು ಪದ ಕಂಡಿತ್ತು, ಅದಕ್ಕೆ.

ಉತ್ತರ ಬಂತು: "ಮತ್ತು ಐವರು ಭಾರತೀಯ ಬೆಂಕಿ ಕೆಲಸದವರು."

ಜೊತೆಗೆ ಹಡಗಿನ ಕಥೆಯನ್ನೂ ಬರೆದಿದ್ದರು. ಅದು ಮರದ ದಿಮ್ಮಿ, ಧಾನ್ಯ ಸಾಗಿಸುತ್ತಿದ್ದ ಸಾದಾ ಸರಕಿನ ಹಡಗು. ಜರ್ಮನರು ನಾರ್ವೆಯನ್ನು ಹಿಡಿದಾಗ ಅದು ಭೂಮಿಯ ಆಚೆ ತುದಿಯ ಒಂದು ಬಂದರಿನಲ್ಲಿತ್ತು. ಊರಿಗೆ ತಿರುಗಿ ಬನ್ನಿ ಎಂದು ರೇಡಿಯೋದಲ್ಲಿ ಆಜ್ಞೆ ಬಂತು. ಆಜ್ಞೆ ಕೊಡುತ್ತಿದ್ದವರು ಯಾರೆಂದು ಕಪ್ತಾನನಿಗೆ ಗೊತ್ತಿತ್ತು, ಹೋಗಲಿಲ್ಲ. ಹಡಗನ್ನು ಶತ್ರುವಿನ ವಿರುದ್ಧ ಹೋರಾಡುವವರ ಕೆಲಸಕ್ಕೆ ಕೊಟ್ಟ. ಅಂದಿನಿಂದ ಅದರಲ್ಲಿದ್ದವರಿಗೆ ಮನೆಯ ದಾರಿ ಮುಚ್ಚಿತು. ಕಲ್ಲಿದ್ದಲು, ಗೋಧಿ, ಸೈನ್ಯದ ಲಾರಿಗಳನ್ನು ಹೊತ್ತು ಬಂದರಿನಿಂದ ಬಂದರಿಗೆ ತಿರುಗುತ್ತಲೇ ಇದ್ದರು. ಎರಡನೇ ಎಂಜಿನಿಯರ್ ಮನೆ ಬಿಟ್ಟಾಗ ಹೆಂಡತಿ ಬಸುರಿ. ಹೆಣ್ಣು ಹುಟ್ಟಿದ ಸುದ್ದಿ ಕೆಲವೇ ಪದಗಳ ಒಂದು ಚೀಟಿಯಲ್ಲಿ ಅವರಿಗೆ ತಲುಪಿತ್ತು. ಮಗಳ ಮುಖ ಅವರು ನೋಡಲೇ ಇಲ್ಲ.

ಕಲ್ಲಿದ್ದಲು ಒಲೆಗೆ ಹಾಕುವ ಆಳುಗಳು ಕಡಿಮೆ ಬಿದ್ದಾಗ ಮುಂಬಯಿಯಲ್ಲಿ ನಮ್ಮವರನ್ನು ಹತ್ತಿಸಿಕೊಂಡರು. ಅಲ್ಲಿಂದ ಅದಿರು ತುಂಬಿಕೊಂಡು ಹೊರಟ ಕೆಲವು ದಿನಕ್ಕೆ, ಸಂಜೆ ಐದರ ಸುಮಾರಿಗೆ, ನೀರಿನಡಿಯಿಂದ ಬಂದ ಟಾರ್ಪೆಡೊ ಎಂಜಿನ್ ಕೋಣೆಗೇ ಬಡಿಯಿತು. ಅದಿರು ತುಂಬಿದ ಹಡಗು, ಕಲ್ಲು ಬಿದ್ದ ಹಾಗೆ ಮುಳುಗಿತು. ಎರಡು ದೋಣಿ ಇಳಿಸಿದ್ದರು. ಒಂದನ್ನು ಯಾರೋ ಕಂಡು ಎತ್ತಿಕೊಂಡರು. ಇನ್ನೊಂದು ಸಿಗಲೇ ಇಲ್ಲ.

"ಆ ಐವರ ಹೆಸರು ನಮ್ಮ ಕಾಗದಗಳಲ್ಲಿಲ್ಲ. ಬರೀ ಸಂಖ್ಯೆ ಇದೆ. ನನಗೆ ನಾಚಿಕೆಯಾಗುತ್ತದೆ. ಹುಡುಕುತ್ತಿದ್ದೇನೆ," ಎಂದು ಕೊನೆಯಲ್ಲಿ ಬರೆದಿದ್ದರು.

ನಾನು ಸರಿ ಎಂದೆ. ನನ್ನ ಕೆಲಸ ಕೊಟ್ಟದ್ದನ್ನು ಕೊರೆಯುವುದು. ರಬ್ಬರ್ ಹಾಳೆ ಅಂಟಿಸುವಾಗ ಚಾಚಾ ಬಂದು ಪಕ್ಕಕ್ಕೆ ನಿಂತರು. ಅಂಟಿಸುತ್ತಲೇ ಕಥೆ ಹೇಳಿದೆ.

"ಐದು ಮಂದಿ ನಮ್ಮವರು?" ಅಂದರು.

"ಹೂಂ ಚಾಚಾ."

"ಹೆಸ್ರಿಲ್ಲ?"

"ಇಲ್ಲಂತ."

ಅವರು ತಮ್ಮ ಯಂತ್ರದ ಕಡೆ ಹೋದರು. ಜನವರಿ ಮೂರನೇ ವಾರ ಮರಳು ಹೊಡೆಸಿದೆವು. ಇಪ್ಪತ್ಮೂರೂ ಸಾಲು ಚೊಕ್ಕವಾಗಿ ಮೂಡಿದವು. ಅದರ ಮರುದಿನ ಚಾಚಾ ಕೆಲಸಕ್ಕೆ ಬರಲಿಲ್ಲ. ರಾತ್ರಿ ಉಸಿರು ಕಟ್ಟಿದಂತಾಗಿ ಮನೆಯವರು ಬಾಗಲಕೋಟೆಗೆ ಒಯ್ದು ದವಾಖಾನೆಗೆ ಹಾಕಿದ್ದರು.

ಪೆಟ್ಟಿಗೆ ತುಂಬುವ ಮುಂಚೆ ಕಲ್ಲಿಗೆ ನೀರಿನ ಪರೀಕ್ಷೆ ಮಾಡುವುದು ನನ್ನ ರೂಢಿ. ಇಡೀ ಹಲಗೆಗೆ ನೀರು ಹೊಡೆದು ಬಿಸಿಲಿಗೆ ಬಿಟ್ಟರೆ ಕಲ್ಲು ಒಣಗುತ್ತ ಬರುತ್ತದೆ. ಎಲ್ಲಾದರೂ ಕಣ್ಣಿಗೆ ಕಾಣದ ಸೀಳಿದ್ದರೆ ಅಲ್ಲಿ ನೀರು ಉಳಿದು, ಸುತ್ತಲೂ ಒಣಗಿದ ಮೇಲೂ ಒಂದು ಕಪ್ಪು ಗೆರೆ ನಿಂತಿರುತ್ತದೆ. ಅಂದು ಹತ್ತು ಗಂಟೆಯ ಬಿಸಿಲಿಗೆ ಕಲ್ಲು ಒಣಗಿತು. ಎಡ ಅಂಚಿನಿಂದ ಹೊರಟು ಒಂಬತ್ತನೇ ಹೆಸರಿನ ಕೆಳಗೆ ಕೂದಲೆಳೆಯಷ್ಟು ಒಂದು ಗೆರೆ ಹಾಗೇ ಉಳಿಯಿತು. ಇನ್ನೊಮ್ಮೆ ನೀರು ಹೊಡೆದು ನೋಡಿದೆ. ಅದೇ ಜಾಗ, ಅದೇ ಗೆರೆ.

ಮಾಲೀಕರು ಬಗ್ಗಿ ನೋಡಿದರು. ಉಗುರಿನಿಂದ ಕೆರೆದರು.

"ಇದೇನು ದೊಡ್ಡದಲ್ಲ. ರಾಳ ತುಂಬಿ ಒಂದ್ ಸಲ ಪಾಲಿಶ್ ಹೊಡಿಸಿದ್ರ ಮುಗೀತು."

"ಅಣ್ಣಾರ, ಅಲ್ಲಿ ಬರ್ಫ ಬೀಳತೈತ್ರಿ. ಸೀಳಿನಾಗ ನೀರು ಹೋಗಿ ಗಟ್ಟಿಯಾತಂದ್ರ ಒಡೀತೈತಿ. ಸೀಳು ಇರಬಾರದು ಅಂತ ಅವರು ಕಾಗದದಾಗೂ ಬರದಾರ."

"ಒಡಿಯಾಕ ಇಪ್ಪತ್ತು ವರ್ಷ ಬೇಕು. ಆವಾಗ ನೀ ಎಲ್ಲೋ, ನಾ ಎಲ್ಲೋ. ಕಂಟೇನರಿಗೆ ಎಂಟು ದಿನ ಉಳದಾವು. ಹೊಸಾ ಕಲ್ಲು ತಗದು ಪಾಲಿಶ್ ಮಾಡಿ ಕೊರಿಯಾಕ ಆಗತೈತೇನು? ಅದರಾಗ ಚಾಚಾನೂ ಇಲ್ಲ."

ಅವರು ಹೇಳಿದ್ದು ಅನ್ಯಾಯವೆಂದು ನನಗೆ ಅಂದು ಅನಿಸಲಿಲ್ಲ. ರಾಳ ತುಂಬುವುದು ನಮ್ಮಲ್ಲಿ ದಿನವೂ ನಡೆಯುವ ಕೆಲಸ. ನೆಲಕ್ಕೆ ಹಾಸುವ ಎಷ್ಟೋ ಕಲ್ಲುಗಳಿಗೆ ನಾನೇ ನಿಂತು ತುಂಬಿಸಿದ್ದೇನೆ. ಆಗಲಿ ಎಂದು ತಲೆಯಾಡಿಸಿ ನನ್ನ ಮೇಜಿಗೆ ಬಂದೆ.

ಫೋನಿನಲ್ಲಿ ಮೊಮ್ಮಗಳ ಸಂದೇಶ ಕಾದಿತ್ತು. ಇಂಗ್ಲೆಂಡಿನ ಹಳೆಯ ದಾಖಲೆಗಳಲ್ಲಿ ಒಂದು ಹಾಳೆ ಸಿಕ್ಕಿದೆ. ಬದುಕುಳಿದವರಲ್ಲಿ ಬೆಂಕಿ ಕೆಲಸದವರ ಮುಕಾದಮನೂ ಒಬ್ಬ, ಮುಂಬಯಿಯವನು. ಅವನು ಹಿಂದೂಸ್ತಾನಿಯಲ್ಲಿ ಹೇಳಿದ್ದನ್ನು ಯಾರೋ ಗುಮಾಸ್ತ ಇಂಗ್ಲಿಷಿನಲ್ಲಿ ಟೈಪು ಮಾಡಿದ್ದಾನೆ. ಅದರ ಫೋಟೋ ಕಳಿಸಿದ್ದರು. ಚಹಾ ಕುಡಿಯಲು ತಾನು ಮೇಲೆ ಬಂದಿದ್ದೆನೆಂದೂ, ಕೆಳಗೆ ಎರಡನೇ ಎಂಜಿನಿಯರರ ಜೊತೆ ಮೂವರು ಒಲೆಯ ಮುಂದಿದ್ದರೆಂದೂ, ಸದ್ದಾದ ಮೇಲೆ ಓಡಿಹೋಗಿ ನೋಡಿದರೆ ಇಳಿಯುವ ಏಣಿಯೇ ಇರಲಿಲ್ಲವೆಂದೂ ಅವನು ಹೇಳಿದ್ದ. ಆ ಮೂವರ ಹೆಸರುಗಳೂ ಇದ್ದವು. ಕಳೆದುಹೋದ ದೋಣಿಯಲ್ಲಿದ್ದ ಇನ್ನಿಬ್ಬರ ಹೆಸರನ್ನು ಅವನನ್ನು ಯಾರೂ ಕೇಳಿದಂತಿಲ್ಲ.

ಕೆಳಗೆ ಅವರು ಬರೆದದ್ದು ಇಷ್ಟು: "ತಡವಾಗಿದೆ ಎಂದು ಗೊತ್ತು. ಕಲ್ಲು ಕೊರೆದಾಗಿದ್ದರೆ ಹಾಗೇ ಕಳಿಸಿ. ನನ್ನ ತಾಯಿಗೆ, ಅಂದರೆ ಎಂಜಿನಿಯರರ ಮಗಳಿಗೆ, ಹೃದಯ ದುರ್ಬಲವಾಗಿದೆ. ಕಲ್ಲು ನೋಡುವ ಒಂದೇ ಆಸೆಯಲ್ಲಿದ್ದಾಳೆ."

ಆ ಮೂರು ಹೆಸರುಗಳನ್ನು ಓದಲು ಹೋದರೆ ಅವು ಹೆಸರಿನಂತೆ ಕಾಣಲಿಲ್ಲ. ಅದರಲ್ಲೂ ಒಂದು 'ಅಬಾ ಸ್ಲತಿಫ್' ಎಂದಿತ್ತು. ಯಾರನ್ನು ಕೇಳಬೇಕೆಂದು ನನಗೆ ಬೇರೆ ಹೊಳೆಯಲಿಲ್ಲ. ಹಾಳೆಯನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಮರುದಿನ ಬೆಳಿಗ್ಗೆ ಬಾಗಲಕೋಟೆಯ ಬಸ್ಸು ಹತ್ತಿದೆ.

ನವನಗರದ ದವಾಖಾನೆಯ ಮೂರನೇ ಮಹಡಿಯಲ್ಲಿ ಚಾಚಾ ದಿಂಬಿಗೊರಗಿ ಕುಳಿತಿದ್ದರು. ಮೂಗಿಗೆ ನಳಿಕೆ. ಮಲಗಿದರೆ ಉಸಿರು ಬರುವುದಿಲ್ಲವಂತೆ. ಅವರ ಹೆಂಡತಿ ನನಗೆ ಸ್ಟೂಲು ಬಿಟ್ಟುಕೊಟ್ಟು ಕಾರಿಡಾರಿಗೆ ಹೋದರು. ಎಕ್ಸ್‌ರೇ ನೋಡಿ ಡಾಕ್ಟರು ಏನೆಂದರು ಎಂದು ಕೇಳಿದೆ.

"ಎದಿಯಾಗ ಕಲ್ಲಿನ ಪುಡಿ ಕುಂತೈತಂತ. ತಗಿಯಾಕ ಬರಂಗಿಲ್ಲಂತ," ಅಂದರು. ಬೇರೆ ಯಾರದೋ ವಿಷಯ ಹೇಳಿದ ಹಾಗಿತ್ತು. "ನೀ ಯಾಕ ಬಂದಿ, ಕೆಲಸ ಬಿಟ್ಟು?"

ಹಾಳೆ ಕೊಟ್ಟೆ. ಅವರಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ನಾನು ಓದಿ ಹೇಳಿದೆ, ಅವರು ಕಣ್ಣು ಮುಚ್ಚಿ ಕೇಳಿದರು.

"ಗೊಲಾಂ ಮೋದಿನ್."

"ಗುಲಾಂ ಮೊಹಿದ್ದೀನ್."

"ಹೂಸೆನ್ ಬವ."

"ಹುಸೇನ್ ಬಾವಾ. ಕೊಂಕಣ ಕಡ್ಯಾಂವ ಇರಬೇಕು. ಮುಂದ?"

"ಇದು ತಿಳೀವಲ್ದು ಚಾಚಾ. ಅಬಾ ಸ್ಲತಿಫ್."

"ಇನ್ನೊಮ್ಮೆ ಹೇಳು. ಬಿಡಸಬ್ಯಾಡ, ಕೂಡಿಸಿ ಹೇಳು."

ಕೂಡಿಸಿ ಹೇಳಿದೆ. ಅವರ ತುಟಿ ಅಲುಗಿತು. ಮೂರು ಸಲ ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಕಣ್ಣು ತೆರೆದು, "ಅಬ್ಬಾಸ್ ಲತೀಫ್," ಅಂದರು. "ಬರಕೊಂಡಾಂವ ತಪ್ಪು ಜಾಗಾದಾಗ ಮುರದಾನ ನೋಡು."

ಹೌದು. ಒಂದು ಅಕ್ಷರ ಅತ್ತಿಂದಿತ್ತ ಸರಿದು, ಮನುಷ್ಯನೇ ಗುರುತು ಸಿಗದಂತಾಗಿದ್ದ. ನಾನು ಪೆನ್ನು ತೆಗೆದು ಮೂರನ್ನೂ ಸರಿಯಾಗಿ ಬರೆದುಕೊಂಡೆ. ಚಾಚಾ ಕಿಟಕಿಯ ಕಡೆ ತಿರುಗಿದರು. ಕಿಟಕಿಯಾಚೆ, ದೂರದಲ್ಲಿ, ಹಿನ್ನೀರು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

"ಕಲ್ಲಿನಾಗ ಜಾಗಾ ಐತೇನು?" ಎಂದು ಕೇಳಿದರು.

"ಇಲ್ಲ. ಅದೂ ಅಲ್ಲದ, ಕಲ್ಲು ಸೀಳೈತಿ ಚಾಚಾ. ರಾಳ ತುಂಬಿ ಕಳಸೋಣು ಅಂತ ಅಣ್ಣಾರು ಅಂದಾರ."

ಅವರು ನನ್ನ ಮುಖ ನೋಡಲಿಲ್ಲ. ಹೊದಿಕೆಯ ಅಂಚು ಸವರುತ್ತ ಹೇಳಿದರು:

"ಎಡಗಡೆ ಅಂಚಿಗೆ. ನನಗ ಗೊತ್ತಿತ್ತು. ತಿಕ್ಕುವಾಗ ಕೈಗೆ ಹತ್ತಿತ್ತು. ಹೇಳಿದ್ರ ಮತ್ತೊಂದು ಕಲ್ಲು ತಿಕ್ಕಬೇಕಾಗ್ತಿತ್ತು. ಅವತ್ತು ನನ್ನ ಕಡೆ ಆಗತಿದ್ದಿಲ್ಲವಾ. ಸುಮ್ನಾದೆ."

ಮೂವತ್ತು ವರ್ಷದಲ್ಲಿ ಚಾಚಾ ಕಲ್ಲಿನ ದೋಷ ಮುಚ್ಚಿಟ್ಟದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ಆ ದಿನಗಳಲ್ಲಿ ಅವರು ಯಂತ್ರ ಹಿಡಿದು ನಿಲ್ಲುತ್ತಿದ್ದ ರೀತಿ ಕಣ್ಣ ಮುಂದೆ ಬಂತು. ನಾವೆಲ್ಲ ಅದನ್ನು ನೋಡಿಯೂ ಚಹಾ ಕುಡಿದು ಕೆಲಸಕ್ಕೆ ಹೋಗುತ್ತಿದ್ದೆವು.

"ಈಗ ಏನ್ ಮಾಡ್ಲಿ ಚಾಚಾ? ಹೊಸಾ ಕಲ್ಲು ಅಂದ್ರ ಫೆಬ್ರವರಿ ಹಡಗು ತಪ್ಪತೈತಿ. ಅಲ್ಲಿ ಆ ಅಜ್ಜಿ ಜೀವಾ ಹಿಡಕೊಂಡು ಕುಂತಾಳ."

"ನನ್ನ ಕೇಳಬ್ಯಾಡ," ಅಂದರು. "ನಾ ಒಮ್ಮೆ ಸುಮ್ಮ ಕುಂತೇನಿ. ನೀನ ನೋಡು."

ತಿರುಗಿ ಬರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತು. ಅಲ್ಲಿಂದ ಹುನಗುಂದ ಬರುವವರೆಗೆ ಫೋನು ಕೈಯಲ್ಲಿ ಹಿಡಿದು ಕುಳಿತಿದ್ದೆ. ಸುಮ್ಮನಿದ್ದರೆ ಎಲ್ಲರಿಗೂ ಅನುಕೂಲವೇ ಆಗುತ್ತಿತ್ತು. ಮಾಲೀಕರ ಕೆಲಸ ಸಲೀಸು, ಆ ವೃದ್ಧೆಗೆ ಕಲ್ಲು ವೇಳೆಗೆ ಸರಿಯಾಗಿ ತಲುಪುತ್ತದೆ, ನನ್ನ ಕೆಲಸಕ್ಕೂ ಏನೂ ಧಕ್ಕೆಯಿಲ್ಲ. ಸೀಳು ನಾನು ಸತ್ತ ಮೇಲೆ ಬಾಯಿ ಬಿಟ್ಟೀತು. ಆದರೆ ಕೈಯಲ್ಲಿ ಮೂರು ಹೆಸರಿದ್ದವು. ಹುನಗುಂದದ ನಿಲ್ದಾಣದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಮೊಮ್ಮಗಳಿಗೆ ಬರೆದೆ. ಕಲ್ಲಿನಲ್ಲಿ ಸೀಳಿದೆ, ಇದನ್ನು ನೀವು ಒಪ್ಪಿಕೊಳ್ಳಬಾರದು. ಹೊಸ ಕಲ್ಲಿನಲ್ಲಿ ಮೂರು ಹೆಸರೂ ಬರುತ್ತವೆ, ಆದರೆ ಫೆಬ್ರವರಿಯ ಹಡಗು ತಪ್ಪುತ್ತದೆ. ನಿಮ್ಮ ತಾಯಿಯನ್ನು ಕೇಳಿ. ಒಣಗಿದ ಕಲ್ಲಿನ ಮೇಲೆ ಉಳಿದ ಗೆರೆಯ ಫೋಟೋವನ್ನೂ ಕಳಿಸಿದೆ.

ಹೆಸರುಗಳು ಸಿಗದೇ ಹೋಗಿದ್ದರೆ ಆ ಸೀಳಿನ ವಿಷಯ ನಾನು ಬರೆಯುತ್ತಿದ್ದೆನೇ? ಈ ಪ್ರಶ್ನೆ ಅಂದೇ ನನ್ನಲ್ಲಿ ಎದ್ದಿತ್ತು. ಬರೆಯುತ್ತಿರಲಿಲ್ಲ ಎಂದೇ ತೋರುತ್ತದೆ.

ಉತ್ತರ ಸಂಜೆಯ ಹೊತ್ತಿಗೆ ಬಂತು. "ಅಮ್ಮನನ್ನು ಕೇಳಿದೆ. ಕಾಯುತ್ತೇನೆ ಅಂದಳು."

ಮರುದಿನ ನಾರ್ವೆಯ ವ್ಯಾಪಾರಿ ಮಾಲೀಕರಿಗೆ ಫೋನು ಮಾಡಿದ. ಹತ್ತು ನಿಮಿಷದ ಮೇಲೆ ಅವರು ನನ್ನ ಕೋಣೆಗೆ ಬಂದರು. ಎದ್ದು ನಿಂತೆ.

"ನನಗ ಹೇಳದ ನೀ ಹೆಂಗ ಬರದಿ?"

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ ಅಣ್ಣಾರ."

"ಅಂತಿದ್ದೆ. ಮಾಲಕ ನಾನಾ, ನೀನಾ?" ಧ್ವನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ನಾಟಿತು. "ನಾಳೆ ಎಲ್ಲಾರೂ ಅಂತಾರ, ಇವರು ಸೀಳಕಲ್ಲು ದಾಟಸೋ ಮಂದಿ ಅಂತ. ಮುಚ್ಚಿ ದಾಟಸೂದಕ್ಕಿಂತ ಹಿಂಗ ಹೊರಗ ಬಿದ್ದದ್ದು ಕೆಟ್ಟ ಹೆಸ್ರು ತಂಗಿ. ಇಷ್ಟು ವರ್ಷ ನಿನ್ನ ನಂಬಿದ್ದೆ."

ಹೊಸ ಕಲ್ಲು ಕೊಟ್ಟರು. ಆದರೆ ಅಂದಿನಿಂದ ಹೊರದೇಶದ ಕೆಲಸ ನನ್ನ ಮೇಜಿಗೆ ಬಂದಿಲ್ಲ. ನನ್ನ ಜೊತೆ ಅವರು ಮಾತಾಡುವುದು ಕೆಲಸಕ್ಕೆ ಬೇಕಾದಷ್ಟೇ.

ಎರಡನೇ ಕಲ್ಲು ಮೊದಲಿನದಷ್ಟು ಸಲೀಸಾಗಲಿಲ್ಲ. ಚಾಚಾನ ಜಾಗಕ್ಕೆ ಬಂದವನಿಗೆ ಯಂತ್ರ ಗೊತ್ತು, ಅಂಚು ಗೊತ್ತಿಲ್ಲ. ಮೂರು ಸಲ ತಿಕ್ಕಿಸಬೇಕಾಯಿತು. ಇತ್ತ ಸಮಿತಿಯಲ್ಲಿ ಹೆಸರುಗಳ ಕ್ರಮದ ಬಗ್ಗೆ ಚರ್ಚೆ. ಮೊದಲ ಪಟ್ಟಿ ಹುದ್ದೆಯ ಪ್ರಕಾರ ಇತ್ತು. ಕಪ್ತಾನ ಮೇಲೆ, ಅಡುಗೆಯವರು ಕೆಳಗೆ. ಮೂವರು ಹೊಸಬರನ್ನು ಎಲ್ಲಿ ಸೇರಿಸುವುದು? ಕೊನೆಗೆ ಎಲ್ಲರನ್ನೂ ಅಕ್ಷರಗಳ ಕ್ರಮದಲ್ಲೇ ಕೊರೆಯಲು ಹೇಳಿದರು. ಹಾಗೆ ಜೋಡಿಸಿದಾಗ ಎಲ್ಲರಿಗಿಂತ ಮೇಲೆ ಬಂದದ್ದು ಅಬ್ಬಾಸ್ ಲತೀಫ್. ಎರಡನೇ ಎಂಜಿನಿಯರರ ಹೆಸರು ಗೀರು ಹಾಕಿದ 'ಓ'ದಿಂದ ಶುರುವಾಗುತ್ತದೆ. ಆ ಅಕ್ಷರ ಅವರ ವರ್ಣಮಾಲೆಯ ತುದಿಯಲ್ಲಿ ಬರುವುದರಿಂದ ಅವರದು ಕೊನೆಯ ಹೆಸರಾಯಿತು. ಅದರ ಕೆಳಗೆ ಒಂದು ಸಾಲು: ಹೆಸರು ತಿಳಿಯದ ಇನ್ನಿಬ್ಬರು. ಕಪ್ತಾನನ ಮನೆಯವರಿಗೆ ಇದು ಹಿಡಿಸಲಿಲ್ಲವೆಂದೂ, ಆದರೂ ಒಪ್ಪಿದರೆಂದೂ ಮೊಮ್ಮಗಳು ಬರೆದರು.

ಇನ್ನೊಂದು ಬೇಡಿಕೆಯಿತ್ತು. ಮೂರು ಹೆಸರುಗಳನ್ನು ಹೇಗೆ ಉಚ್ಚರಿಸಬೇಕೆಂದು ಅವರ ತಾಯಿ ಕೇಳುತ್ತಿದ್ದಾರಂತೆ. ಅಷ್ಟರಲ್ಲಿ ಚಾಚಾ ಮನೆಗೆ ಬಂದಿದ್ದರು. ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಹೆಸರು ಹೇಳಿಸಿ ಫೋನಿನಲ್ಲಿ ಅವರ ಧ್ವನಿ ಹಿಡಿದುಕೊಂಡೆ. ಒಂದೊಂದು ಹೆಸರಿನ ನಡುವೆ ಅವರು ಉಸಿರು ತೆಗೆದುಕೊಂಡದ್ದೂ ಅದರಲ್ಲಿ ಬಂತು. ಮತ್ತೊಮ್ಮೆ ಹೇಳಿಸಲಿಲ್ಲ, ಹಾಗೇ ಕಳಿಸಿದೆ.

ಮಾರ್ಚ್ ಕೊನೆಗೆ ಕಲ್ಲು ಪೆಟ್ಟಿಗೆಯಲ್ಲಿ ಮಂಗಳೂರಿಗೆ ಹೋಯಿತು. ನೀರಿನ ಪರೀಕ್ಷೆ ಎರಡು ಸಲ ಮಾಡಿದ್ದೆ. ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿ ಏನಿಲ್ಲ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಯ ಭಯ ಇರುವುದರಿಂದ ಈಗ ಆಫ್ರಿಕಾ ಸುತ್ತಿಕೊಂಡು ಹೋಗುತ್ತಾರಂತೆ. ದಾರಿ ಬಹಳ ಉದ್ದವಾಗುತ್ತದೆ. ಕಂಟೇನರ್ ಎಲ್ಲಿದೆ ಎಂದು ಫೋನಿನಲ್ಲೇ ನೋಡಬಹುದು. ದಿನವೂ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ಬಂದು ನೋಡುತ್ತಿದ್ದೆ. ಒಂದು ಸಣ್ಣ ಚುಕ್ಕಿ, ನೀಲಿಯ ಮೇಲೆ ನಿಂತಲ್ಲೇ ನಿಂತಂತೆ.

ಆಫ್ರಿಕಾದ ಕೆಳತುದಿಯಲ್ಲಿ ಚುಕ್ಕಿ ತಿರುಗುತ್ತಿದ್ದ ವಾರ ಸಂದೇಶ ಬಂತು. "ಅಮ್ಮ ನಿನ್ನೆ ತೀರಿಕೊಂಡಳು."

ನಾನು ಎರಡು ದಿನ ಏನೂ ಉತ್ತರಿಸಲಿಲ್ಲ. ಫೆಬ್ರವರಿಯ ಕಂಟೇನರಿನಲ್ಲಿ ಹೋಗಿದ್ದರೆ ಕಲ್ಲು ಅಷ್ಟು ಹೊತ್ತಿಗೆ ಅವರ ಊರಿನ ಬಂದರಿನಲ್ಲಿ ಇಳಿದಿರುತ್ತಿತ್ತು. ಲೆಕ್ಕ ಹಾಕಿ ನೋಡಿದೆ. ಹೇಗೆ ಹಾಕಿದರೂ ಅದೇ ಬರುತ್ತಿತ್ತು. ಕಾರ್ಖಾನೆಯಲ್ಲಿ ಯಾರಿಗೂ ಹೇಳಲಿಲ್ಲ. ಯಾವುದೋ ಗುಡಿಯ ದಾನಿಗಳ ಪಟ್ಟಿ ಜೋಡಿಸುತ್ತಿದ್ದೆ. ಒಂದು ಸಾಲನ್ನೇ ಬಿಟ್ಟು ಕತ್ತರಿಸಿದ್ದೆ, ಹಾಳೆ ಹಾಳಾಯಿತು.

ಮೂರನೆಯ ದಿನ ಮೊಮ್ಮಗಳೇ ಫೋನು ಮಾಡಿದರು. ಮುಖ ಕಾಣುವಂಥ ಕರೆ. ಬಿಳಿಕೂದಲಿನ, ಅತ್ತು ಬಾತ ಕಣ್ಣಿನ ಹೆಂಗಸು. ಅವರ ಧ್ವನಿ ಕೇಳಿದ್ದು ಅದೇ ಮೊದಲು. ನನಗೆ ತಿಳಿಯಲೆಂದು ಒಂದೊಂದೇ ಪದ ಬಿಡಿಸಿ ಮಾತಾಡಿದರು. ತಪ್ಪು ನನ್ನದೆಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅವರು ತಪ್ಪಿಲ್ಲ ಎನ್ನಲಿಲ್ಲ. ಅದಕ್ಕೇ ಅವರ ಮುಂದಿನ ಮಾತನ್ನು ನಾನು ನಂಬಿದೆ.

ತಾಯಿ ಕೊನೆಯ ವಾರಗಳಲ್ಲಿ ಕಲ್ಲು ಬಂತೇ ಎಂದು ದಿನವೂ ಕೇಳುತ್ತಿದ್ದರಂತೆ. ಇಲ್ಲ ಎಂದು ಹೇಳುವುದು ಕಷ್ಟವಾಗುತ್ತಿತ್ತು. ಆದರೆ ತಾಯಿ ಬದುಕಿಡೀ ಕೇಳುತ್ತಿದ್ದ ಪ್ರಶ್ನೆ ಬೇರೆಯೇ ಇತ್ತು. ಅಪ್ಪ ಆ ಕೆಳಗಿನ ಕೋಣೆಯಲ್ಲಿ ಒಬ್ಬನೇ ಇದ್ದನೇ? ಅವಳ ಅಮ್ಮನಿಗೆ ಗೊತ್ತಿರಲಿಲ್ಲ. ಹಡಗಿನ ಕಂಪನಿಗೆ ಗೊತ್ತಿರಲಿಲ್ಲ. ಈ ಚಳಿಗಾಲ ಮೂರು ಹೆಸರು ಸಿಕ್ಕ ಮೇಲೆ ಆ ಪ್ರಶ್ನೆ ಮತ್ತೆ ಕೇಳಲಿಲ್ಲ. ಚಾಚಾನ ಧ್ವನಿಯನ್ನು ಹಚ್ಚಿಸಿಕೊಂಡು ಜೊತೆಗೆ ಹೇಳಲು ಪ್ರಯತ್ನಿಸುತ್ತಿದ್ದರಂತೆ. ಮೊಹಿದ್ದೀನ್ ಎಂಬುದು ನಾಲಿಗೆಗೆ ಬರಲೇ ಇಲ್ಲವಂತೆ. ಅಬ್ಬಾಸ್ ಬಂತಂತೆ.

"ಕಲ್ಲು ನೋಡಿದ್ದರೆ ಚೆನ್ನಾಗಿತ್ತು," ಎಂದು ಮೊಮ್ಮಗಳು ಅಂದರು. ಆಮೇಲೆ ಅವರು ಫೋನು ಇಟ್ಟರು.

ಸಂಜೆ ಕೆಲಸ ಬಿಟ್ಟ ಮೇಲೆ ಚಾಚಾನ ಮನೆಗೆ ಹೋದೆ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಇನ್ನು ಕಾರ್ಖಾನೆಗೆ ಬರುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು, ಅವರಿಗೂ. ತೋಳುಗಳು ಒಣಗಿ, ಅಂಗೈಗಳಷ್ಟೇ ಮೊದಲಿನ ಹಾಗೆ ದೊಡ್ಡವಾಗಿ ಉಳಿದಿದ್ದವು. ನಡೆದದ್ದನ್ನು ಹೇಳಿದೆ. ಆ ವೃದ್ಧೆ ತೀರಿಕೊಂಡದ್ದು, ಕೇಳುತ್ತಿದ್ದ ಪ್ರಶ್ನೆ, ಚಾಚಾನ ಧ್ವನಿಯ ಜೊತೆ ಹೆಸರು ಹೇಳಲು ನೋಡಿದ್ದು. ಅವರು ಗೋಡೆಯ ಕಡೆ ನೋಡುತ್ತ ಅಂದರು:

"ನಾನೂ ಆಕಿಗೆ ಒಂದು ದುವಾ ಕೇಳತೇನಿ. ಆಕಿ ಹೆಸ್ರೇನಿತ್ತು?"

ನಾನು ಬಾಯಿ ತೆರೆದೆ. ಡಿಸೆಂಬರಿನಿಂದ ಆಕೆಯ ಬಗ್ಗೆ ಓದಿದ್ದೆ, ಬರೆದಿದ್ದೆ, ಆಕೆಗಾಗಿ ಹೆದರಿದ್ದೆ. ಎಂಜಿನಿಯರರ ಮಗಳು, ಮೊಮ್ಮಗಳ ತಾಯಿ, ಆ ಅಜ್ಜಿ ಅಂತಲೇ ಅಂದುಕೊಂಡಿದ್ದೆ. ಹೆಸರು ಕೇಳಿರಲಿಲ್ಲ.

"ಗೊತ್ತಿಲ್ಲ ಚಾಚಾ," ಅಂದೆ.

ಒಳಗೆ ಅವರ ಹೆಂಡತಿ ದೀಪ ಹಾಕಿದರು. ನಾನು ಮೆಟ್ಟಿಲ ಮೇಲೆ ಕುಳಿತು, ಫೋನು ತೆಗೆದು, ಕೇಳಿ ಬರೆದೆ. ಉತ್ತರ ಬರುವವರೆಗೆ ಇಬ್ಬರೂ ಅಲ್ಲೇ ಕುಳಿತಿದ್ದೆವು.